ಕರಡು ನಕಾಶೆ

ಹೊಸ ಮಸಣಕ್ಕೊಂದು ಜಾಗ ಹುಡುಕಬೇಕು.
ಮುಳಗುಂದ ರಸ್ತೆಯಾಚೆಯ ಓಣಿಯವರ ಅರ್ಜಿ,
ಹದಿನಾಲ್ಕನೆಯದು.
ಫೈಲಿನ ದಾರ ಬಿಚ್ಚಿದರೆ
ಹಳೆಯ ಅರ್ಜಿಗಳ ಹೆಬ್ಬೆಟ್ಟು
ಹೊಸ ಅರ್ಜಿಗಳಲ್ಲಿ ಸಹಿಯಾಗಿತ್ತು.
ಈಗ ಹೂಳುವುದು ರಸ್ತೆ ಬದಿಯ ಪಟ್ಟಿಯಲ್ಲಿ;
ಅದನ್ನೂ ಅಗಲೀಕರಣದವರು ಅಳೆದು
ಕಲ್ಲಿಗೆ ಕೆಂಪು ಬಳಿದು ಹೋಗಿದ್ದಾರೆ.

ಗದಗಿನ ಕಚೇರಿ, ಎರಡನೆಯ ಮಹಡಿ.
ನಾನು ಪದರದ ಮೇಲೆ ಪದರ ಹಾಸುತ್ತೇನೆ:
ಇಳಿಜಾರು, ಕೊಳವೆಬಾವಿ, ಗೋಮಾಳ,
ಕೆರೆಯಿಂದ ಇಷ್ಟು, ಶಾಲೆಯಿಂದ ಇಷ್ಟು,
ಮನೆಗಳಿಂದ ದೂರವಿದ್ದಷ್ಟೂ ಅಂಕ ಹೆಚ್ಚು.
ಪ್ರತಿ ಪದರಕ್ಕೂ ಒಂದು ತೂಕ,
ಎಲ್ಲ ಕೂಡಿದರೆ ನೂರಾಗಬೇಕು.
ಆಮೇಲೆ ಗುಂಡಿ ಒತ್ತಿ ಚಹಾಕ್ಕೆ ಹೋದೆ.
(ಗುಂಡಿ ಅನ್ನುವ ಮಾತಿಗೆ ಇನ್ನೊಂದು ಅರ್ಥವಿದೆಯೆಂದು
ಆಗ ಹೊಳೆಯಲಿಲ್ಲ.)
ಬಂದಾಗ ಪರದೆಯ ಮೇಲೆ ಮೂರು ಹಸಿರು ತುಂಡು.
ಮೊದಲನೆಯದಕ್ಕೆ ನೂರಕ್ಕೆ ಎಂಬತ್ತೇಳು.
ಅಷ್ಟು ನನಗೆ ಹತ್ತನೆಯ ಇಯತ್ತೆಯಲ್ಲೂ ಬಿದ್ದಿರಲಿಲ್ಲ.

ಸ್ಥಳ ತೋರಿಸಲು ಬಂದವನು ಕುಣಿ ತೋಡುವ ಯಮನಪ್ಪ.
"ಹೆಸರಿಗೆ ನಗಬ್ಯಾಡ್ರಿ ಮೇಡಂ, ಅದು ನಮ್ಮಜ್ಜಂದು.
ಕೆಲಸಾನೂ ಅವಂದ."
ನನ್ನ ಕೈಯ ಟ್ಯಾಬಿನಲ್ಲಿ ನಾನೊಂದು ನೀಲಿ ಚುಕ್ಕೆ,
ಅವನ ಕೈಯಲ್ಲಿ ಹಾರಿ.
ಎಂಬತ್ತೇಳರ ನಟ್ಟನಡುವೆ ನಿಂತು ಒಮ್ಮೆ ಕುಕ್ಕಿದ.
"ಇದು ಎರಿ. ಬ್ಯಾಸಿಗ್ಯಾಗ ಬಾಯಿ ಬಿಡತೈತಿ,
ನಿಮ್ಮ ತೋಳು ಹೋಗತೈತಿ ಒಳಗ.
ಮಳಿ ಬಿತ್ತೂ, ಉಬ್ಬತೈತಿ.
ಇದರಾಗ ಮಲಗಿದಾಂವ ವರ್ಷಕ್ಕೆರಡು ಸಲ
ಮಗ್ಗಲಾ ಬದಲಸ್ತಾನ.
ಮಸಾರಿ ಹುಡುಕ್ರಿ."

ಎರಡನೆಯ ಹಸಿರು ಮಸಾರಿಯೇ, ಕಡುಗೆಂಪು.
ನಡುವೆ ಹಳ್ಳ.
ನನ್ನ ಉಪಗ್ರಹ ಹಾದುಹೋದದ್ದು ಏಪ್ರಿಲಿನಲ್ಲಿ,
ಅದರ ಕಣ್ಣಿಗೆ ಬರೀ ಉಸುಕಿನ ಗೆರೆ.
"ಶ್ರಾವಣದಾಗ ಬಂದು ನೋಡ್ರಿ, ಎದೀಮಟ.
ನಮ್ಮವ್ವನ್ನ ಹೊತ್ತು ಈ ದಂಡಿಮ್ಯಾಲೆ ಕುಂತಿದ್ವಿ
ಬೆಳತನಕ."
ದೂರಿನಂತೆ ಹೇಳಲಿಲ್ಲ,
ನೀರಿನ ಮಟ್ಟ ಹೇಳಿದಂತೆ ಹೇಳಿದ.

ಓಣಿಯಿಂದ ಎಷ್ಟು ದೂರ ಇರಬೇಕು, ಯಮನಪ್ಪ?
"ನಾಕು ಹೆಗಲು."
ಮೀಟರಿನಲ್ಲಿ?
"ನಾಕು ಸಲ ಹೆಗಲು ಬದಲಿ ಮಾಡೂದರಾಗ ಮುಟ್ಟಬೇಕ್ರಿ.
ಐದನೇದಕ್ಕ ಮಂದಿ ಇರಂಗಿಲ್ಲ."
ಒಂದು ಹೆಗಲು ಅಂದರೆ ಎಷ್ಟು ದೂರ?
"ಅದು ಸತ್ತಾಂವನ ಮ್ಯಾಲೆ."

ಮರುದಿನ ಹೊಸ ಪದರ ಮಾಡಿ ಹೆಸರಿಟ್ಟೆ: ಹೆಗಲು.
ತೂಕ ಎಷ್ಟು, ಕೇಳಿತು ತಂತ್ರಾಂಶ.
ಶಾಲೆಯಿಂದ ಐದು, ಮನೆಗಳಿಂದ ಹದಿನೈದು
ಕಿತ್ತು ಕೊಟ್ಟೆ.
ಎರಡು ಹಸಿರೂ ಹಳದಿಗೆ ತಿರುಗಿದವು.
ಮೂರನೆಯದರ ಅಂಚಿನಲ್ಲಿ ಒಂದೇ ಚೌಕ ಉಳಿಯಿತು,
ಮೂವತ್ತು ಮೀಟರು ಉದ್ದ, ಮೂವತ್ತು ಅಗಲ.
ಪಹಣಿಯಲ್ಲಿ ಖರಾಬು.
ಪರದೆಯ ಮೇಲೆ ಎಳ್ಳಿನಷ್ಟು.

ಫೋನಿನಲ್ಲಿ ಹೇಳಿದರೆ ಅವನು ಬಾಯಲ್ಲೇ ಲೆಕ್ಕ ಹಾಕಿದ,
ಕಾಲುದಾರಿಗೆ ಬಿಟ್ಟು, ಬೇವಿನ ಗಿಡಕ್ಕೆ ಬಿಟ್ಟು,
"ಇನ್ನೂರು ಮಂದಿ ಹಿಡಿತೈತ್ರಿ.
ನಮ್ಮ ಓಣಿಗೆ ಅರವತ್ತು ವರ್ಷ."

ಸಾಹೇಬರು ಕನ್ನಡಕ ಮೇಲೆತ್ತಿ ನೋಡಿದರು.
ಇದು ಯಾವ ಪದರ?
ದೂರ, ಸರ್.
ದೂರ ಆಗಲೇ ಇದೆಯಲ್ಲ?
ಇದು ಬೇರೆ, ಸರ್.
ಸಮಿತಿ ಮುಂದಿನ ತಿಂಗಳು ಕೂಡುತ್ತದೆ, ಅಂದರು.

ಗುರುವಾರ ಮುಂಜಾನೆ ಮತ್ತೆ ಅವನ ಫೋನು.
"ಕಾಶವ್ವ ಹ್ವಾದ್ಲ್ರಿ ಮೇಡಂ, ರಾತ್ರಿ.
ಹಗೂರ ಇದ್ಲು, ಮೂರ ಹೆಗಲು ಸಾಕು.
ಆ ಚೌಕಕ್ಕ ಒಯ್ಯೂಣೇನು?"

ನಕಾಶೆ ಎದುರಿಗೇ ತೆರೆದಿತ್ತು.
ಅದರ ಮೇಲೆ ಮೂಲೆಯಿಂದ ಮೂಲೆಗೆ, ಬೂದು ಬಣ್ಣದಲ್ಲಿ
ನಾನೇ ಬಡಿದ ಮೂರಕ್ಷರ:
ಕರಡು.